ನಂಬರಿಲ್ಲದ ಚೀಟಿಗೆ ಕಾಸು ಕೊಡಬೇಡಿ!



ಭಾನುವಾರ ಪಾರ್ಕಿಗೆ ಹೋಗಿದ್ದಿರಾ? ಗೇಟಿನ ಮುಂದೆ ಬೈಕು ನಿಲ್ಲಿಸಿದ ಕೂಡಲೇ ಒಬ್ಬ ಓಡಿಬಂದು ಚೀಟಿ ಹರಿದು ಕೈಗಿಟ್ಟಿರಬೇಕು. ನೀವು ಕಾಸು ಕೊಟ್ಟು, ಚೀಟಿ ಮುದುರಿ ಎಸೆದು ಒಳಗೆ ಹೋಗಿರಬೇಕು. ಅದನ್ನು ಓದಿದಿರಾ? ಇಲ್ಲ. ನಾನು ಓದುತ್ತೇನೆ. ಅಂಥ ಚೀಟಿ ಅಚ್ಚು ಹಾಕುವುದೇ ನನ್ನ ಹೊಟ್ಟೆಪಾಡು.

ಯಶವಂತಪುರದ ಕಡೆ ನನ್ನದೊಂದು ಸಣ್ಣ ಪ್ರೆಸ್ಸು. ಪಿಯುಸಿಗೇ ಓದು ಬಿಟ್ಟವನು ನಾನು. ಕೆಲವು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರು ಬಂದ. ಪಾರ್ಕಿಂಗ್ ಚೀಟಿ, ನೂರು ಹಾಳೆಯ ಐವತ್ತು ಬುಕ್ಕು ಬೇಕಂತೆ.

'ನಂಬರು ಎಷ್ಟರಿಂದ ಶುರು ಮಾಡಲಿ?' ಎಂದೆ.

'ನಂಬರು ಬೇಡ ಬಿಡಿ.'

'ಕಚೇರಿ ಹೆಸರು?'

'ಅದೂ ಬೇಡ.'

'ದರ ಕನ್ನಡದಲ್ಲಿ ಹಾಕಲಾ?'

'ಕನ್ನಡ ಯಾಕ್ರೀ? ಇಂಗ್ಲಿಷಿನಲ್ಲಿ ಪಾರ್ಕಿಂಗ್ ಅಂತ ಹಾಕಿ, ಸಾಕು.'

ಪ್ರೆಸ್ಸಿನ ಬಾಡಿಗೆ ಕಟ್ಟಬೇಕಿದ್ದ ವಾರ ಅದು. ಅಚ್ಚು ಹಾಕಿಕೊಟ್ಟೆ. ಆ ಪಾಪದಲ್ಲಿ ನನ್ನ ಪಾಲೂ ಇದೆ. ಅದಕ್ಕೇ ಇವತ್ತು ಬಾಯಿ ಬಿಡುತ್ತಿದ್ದೇನೆ.

ಚೀಟಿಯ ಗುಟ್ಟು ಕೇಳಿ. ಪ್ರತಿ ಹಾಳೆಗೂ ನಂಬರು ಬಿದ್ದರೆ ಎಷ್ಟು ಹರಿಯಿತು, ಎಷ್ಟು ದುಡ್ಡು ಬಂತು ಎಂದು ಯಾರು ಬೇಕಾದರೂ ಎಣಿಸಬಹುದು. ನಂಬರೇ ಇಲ್ಲದಿದ್ದರೆ ಲೆಕ್ಕ ಕೇಳುವುದು ಎಲ್ಲಿಂದ? ಇನ್ನೂ ಚಾಲಾಕಿಗಳಿದ್ದಾರೆ. ಒಂದೇ ನಂಬರಿನ ಬುಕ್ಕನ್ನು ಎರಡು ಸಲ ಅಚ್ಚು ಹಾಕಿಸುತ್ತಾರೆ. ಒಂದು ಸಾಹೇಬರಿಗೆ ತೋರಿಸಲು, ಇನ್ನೊಂದು ಜೇಬು ತುಂಬಲು! ಈಗ ಕೆಲವು ಕಡೆ ಚೀಟಿಯ ಬದಲು ಕ್ಯೂಆರ್ ಕೋಡು ಹಿಡಿಯುತ್ತಾರೆ. ಸ್ಕ್ಯಾನ್ ಮಾಡಿದಾಗ ಬರುವ ಹೆಸರು ಪಾಲಿಕೆಯದೋ, ಯಾರದೋ ಸ್ವಂತ ಖಾತೆಯದೋ? ಒಂದು ಸಲ ಕಣ್ಣಿಟ್ಟು ನೋಡಿ.

ಚಿಲ್ಲರೆ ಕಾಸಿಗೆ ಇಷ್ಟು ರಂಪವೇ ಎನ್ನುತ್ತೀರಾ? ಹಾಗಾದರೆ ಹೆಬ್ಬಾಳ ಕೆರೆಯ ಕತೆ ಕೇಳಿ. 2000ದ ದಶಕದಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ನಮ್ಮ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿತು. ನಾಗವಾರ ಕೆರೆ ಲುಂಬಿನಿ ಗಾರ್ಡನ್ಸ್ ಪಾಲಾಯಿತು. ಹೆಬ್ಬಾಳ ಕೆರೆ ಒಂದು ಹೋಟೆಲ್ ಕಂಪನಿಯ ಪಾಲಾಯಿತು. ಆ ಕಂಪನಿಯ ಹೆಸರು ಈಸ್ಟ್ ಇಂಡಿಯಾ ಹೋಟೆಲ್ಸ್! ಬೇರೆ ಹೆಸರು ಸಿಗಲಿಲ್ಲವೇ ಸ್ವಾಮಿ? ದನ ನೀರು ಕುಡಿದ, ಅಗಸರು ಬಟ್ಟೆ ಒಗೆದ ಊರ ಕೆರೆಗೆ ಗೇಟು, ಟಿಕೆಟ್ಟು! 2008ರಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2012ರ ತೀರ್ಪು ಬಂದ ಮೇಲೆ ಈ ಮಾರಾಟದ ಚಾಳಿಗೆ ತಡೆ ಬಿತ್ತು. ಯಾರೋ ನಾಲ್ಕು ಜನ ಕೇಳಿದ್ದರಿಂದ ಕೆರೆ ಉಳಿಯಿತು. ಪಾರ್ಕಿನ ಗೇಟನ್ನು ಕೇಳುವವರು ಯಾರು?

ವಾಹನದವನಿಂದ ಶುಲ್ಕ ತೆಗೆದುಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಗೇಟಿನ ಮುಂದಿನ ಫುಟ್‌ಪಾತನ್ನೂ ಕಾರಿಗೆ ಕೊಟ್ಟರೆ ನಡೆದು ಬರುವ ಅಜ್ಜಿ, ಮಗು ಎತ್ತಿಕೊಂಡು ಬಸ್ಸಿಳಿದ ತಾಯಿ ಎಲ್ಲಿ ಕಾಲಿಡಬೇಕು? ಮತ್ತೀಕೆರೆಯ ಜೆ.ಪಿ. ಪಾರ್ಕು ಸುಮಾರು 85 ಎಕರೆ. ಅಂಥ ಪಾರ್ಕಿನಲ್ಲಿ ಜನ ಒಂದೇ ಗೇಟಿಗೆ ಮುಗಿಬೀಳಬೇಕೇ? ಸುತ್ತಲಿನ ಬೀದಿಗಳ ಕಡೆಗೆಲ್ಲ ಗೇಟು ತೆರೆದಿದ್ದರೆ ಅರ್ಧ ಜನ ಗಾಡಿಯನ್ನೇ ತರುವುದಿಲ್ಲ.

ಆಗುವುದಿಲ್ಲ ಎನ್ನಬೇಡಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅವರ ಗಾಡಿಗಳನ್ನು ಶಾಂತಿನಗರ ಬಸ್ ನಿಲ್ದಾಣದಂಥ ಕಡೆಗೆ ಕಳಿಸುತ್ತಾರೆ. ಕಬ್ಬನ್ ಪಾರ್ಕಿನೊಳಗೆ ಭಾನುವಾರ ವಾಹನ ಬಿಡುವುದಿಲ್ಲ. ನಗರದ ಮಧ್ಯದಲ್ಲಿ ನಡೆಯುವ ನಿಯಮ ಹೆಬ್ಬಾಳಕ್ಕೆ, ಯಲಹಂಕಕ್ಕೆ ಬರುವಷ್ಟರಲ್ಲಿ ಸುಸ್ತಾಗುತ್ತದೆಯೇ?

ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂತು. ಬೀದಿಗಿಳಿದು ಹೋರಾಡಿ ಪಡೆದದ್ದು ಅದು. ಬೋರ್ಡಿಗೆ ಬಂದ ಕನ್ನಡ ಚೀಟಿಗೆ ಬರಲಿಲ್ಲವಲ್ಲ! ಓದಲು ಬಾರದ ದರವನ್ನು ಪ್ರಶ್ನಿಸುವವರು ಯಾರು? ಕಂಟ್ರಾಕ್ಟರಿಗೆ ಬೇಕಾದದ್ದೂ ಅದೇ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಹೆಬ್ಬಾಳ, ಯಲಹಂಕ ಈಗ ಬೆಂಗಳೂರು ಉತ್ತರ ನಗರ ಪಾಲಿಕೆಯಲ್ಲಿವೆ. ಕಚೇರಿ ಹೊಸದು, ಕುರ್ಚಿ ಹೊಸದು. ಹಳೇ ಚಾಳಿ ಬೇರು ಬಿಡುವ ಮೊದಲೇ ಕೇಳಿ.

ನೀವು ಮಾಡಬೇಕಾದದ್ದು ಇಷ್ಟೇ. ಚೀಟಿಯಲ್ಲಿ ನಂಬರು, ಪಾಲಿಕೆಯ ಹೆಸರು, ಕನ್ನಡದಲ್ಲಿ ದರ ಇಲ್ಲದಿದ್ದರೆ ಕಾಸು ಕೊಡಬೇಡಿ, ಚೀಟಿಯ ಫೋಟೋ ತೆಗೆದಿಡಿ. ಗೇಟಿನಲ್ಲಿ ಕನ್ನಡದ ದರಪಟ್ಟಿ ಎಲ್ಲಿ ಎಂದು ಕೇಳಿ. ಆಮೇಲೆ ಮಾಹಿತಿ ಹಕ್ಕಿನಡಿ ಕನ್ನಡದಲ್ಲೇ ಅರ್ಜಿ ಹಾಕಿ: ಗುತ್ತಿಗೆ ಯಾರದು, ದರ ಎಷ್ಟು, ಎಷ್ಟು ಬುಕ್ಕು ಕೊಟ್ಟಿರಿ, ಎಷ್ಟು ಹಣ ಜಮಾ ಆಯಿತು? ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. 30 ದಿನದಲ್ಲಿ ಉತ್ತರ ಕೊಡಲೇಬೇಕು.

ಒಂದು ಮಾತು ಮರೆಯಬೇಡಿ. ಬಿಸಿಲಲ್ಲಿ ನಿಂತು ಚೀಟಿ ಹರಿಯುವ ಹುಡುಗ ಬೀದರಿನವನಿರಲಿ, ಬಿಹಾರದವನಿರಲಿ, ಅವನ ಮೇಲೆ ಕೈ ಎತ್ತಬೇಡಿ, ಬೈಯಬೇಡಿ. ಅವನು ದಿನಗೂಲಿ. ನಿಮ್ಮ ಪ್ರಶ್ನೆ ಬುಕ್ಕು ಕೊಟ್ಟು ಕಳಿಸಿದವನಿಗೆ, ಅವನಿಗೆ ಸಹಿ ಹಾಕಿಕೊಟ್ಟವನಿಗೆ.

ನನ್ನ ಪ್ರೆಸ್ಸಿನಲ್ಲಿ ಈಗ ನಂಬರಿಲ್ಲದ ಚೀಟಿ ಅಚ್ಚಾಗುವುದಿಲ್ಲ. ಗಿರಾಕಿ ಕಡಿಮೆಯಾಗಿದ್ದಾರೆ, ನಿದ್ದೆ ಚೆನ್ನಾಗಿ ಬರುತ್ತಿದೆ. ನಾನು ಅಚ್ಚು ಹಾಕುವುದನ್ನು ಬಿಟ್ಟೆ. ನೀವು ಕಾಸು ಕೊಡುವುದನ್ನು ಬಿಡಿ!