ಇಪ್ಪತ್ತೊಂದು ಗಂಟೆಯ ದಿನ

ಬೀದರ್, ಕಲಬುರಗಿ, ರಾಯಚೂರು, ಬೆಳಗಾವಿ ಕಡೆಯವರು ಬೆಂಗಳೂರಿಗೆ ಹಗಲು ಪ್ರಯಾಣ ಮಾಡುವುದು ಕಡಿಮೆ. ರಾತ್ರಿ ಊಟ ಮುಗಿಸಿ ಸ್ಲೀಪರ್ ಬಸ್ಸನ್ನೋ ರೈಲನ್ನೋ ಹತ್ತಿದರೆ ಬೆಳಗಿನ ಜಾವಕ್ಕೆ ಮೆಜೆಸ್ಟಿಕ್. ಆಸ್ಪತ್ರೆ, ಕೋರ್ಟು, ವಿಧಾನಸೌಧ, ಮಗಳ ಕಾಲೇಜು, ಕೆಲಸ ಏನೇ ಇರಲಿ, ಹತ್ತು ಗಂಟೆಗೆ ಶುರುವಾಗಿ ಸಂಜೆಯೊಳಗೆ ಮುಗಿಯುತ್ತದೆ. ರಾತ್ರಿ ಮತ್ತೆ ಬಸ್ಸು. ಇವರಿಗೆ ಲಾಡ್ಜಿನ ರೂಮು ಬೇಕಾಗುವುದು ಹಗಲಿಗೆ: ಸ್ನಾನ ಮಾಡಿ ಬಟ್ಟೆ ಬದಲಿಸಬೇಕು, ಬ್ಯಾಗು ಇಡಬೇಕು, ಜೊತೆಗೆ ಬಂದ ವಯಸ್ಸಾದವರು ಮಧ್ಯಾಹ್ನ ಒಂದಿಷ್ಟು ಅಡ್ಡಾಗಬೇಕು.

ಲಾಡ್ಜುಗಳು ಮಾತ್ರ ಈಗ ರಾತ್ರಿಯನ್ನೇ ಮಾರುತ್ತವೆ. ಮಧ್ಯಾಹ್ನ ಹನ್ನೆರಡಕ್ಕೋ ಎರಡಕ್ಕೋ ಚೆಕ್ ಇನ್, ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಚೆಕ್ ಔಟ್. ಬಿಲ್ಲಿನಲ್ಲಿ ಬರೆಯುವುದು ‘ಒಂದು ದಿನ’ ಎಂದು. ಎರಡರಿಂದ ಹನ್ನೊಂದರವರೆಗೆ ಬೆರಳು ಮಡಚಿ ಎಣಿಸಿದರೆ 21 ಗಂಟೆಯಾಗುತ್ತದೆ. ಬೆಳಿಗ್ಗೆ ಆರಕ್ಕೆ ಬಂದು ರಾತ್ರಿ ಒಂಬತ್ತಕ್ಕೆ ಹೊರಡುವವರು ಇದ್ದದ್ದು 15 ಗಂಟೆ. ಆದರೆ ಅವರು ಹಿಂದಿನ ದಿನದ ಬಾಲವನ್ನೂ ಈ ದಿನದ ತಲೆಯನ್ನೂ ಮುಟ್ಟಿದ್ದಾರೆ! ಹಾಗಾಗಿ ಎರಡು ದಿನದ ಬಾಡಿಗೆ ಕಟ್ಟಬೇಕು, ಇಲ್ಲವೇ ‘ಅರ್ಲಿ ಚೆಕ್ ಇನ್’ ಎಂಬ ದಂಡ ತೆರಬೇಕು.

ಇತ್ತೀಚೆಗೆ ಗಾಂಧಿನಗರದ ಲಾಡ್ಜೊಂದರಲ್ಲಿ ಊರಿನಿಂದ ಬರುತ್ತಿದ್ದ ನೆಂಟರಿಗಾಗಿ ಕಾಯುತ್ತ ಕುಳಿತಿದ್ದೆ. ಇನ್ನೂ ಆರಾಗಿರಲಿಲ್ಲ. ಸಿಂಧನೂರು ಕಡೆಯ ತಾಯಿ-ಮಗ ಬಂದರು. ತಾಯಿಯ ಕೈಯಲ್ಲಿ ಆಸ್ಪತ್ರೆಯ ಫೈಲು, ಎಕ್ಸ್‌ರೇ ಕವರು. ಮಗ ಮೊಬೈಲಿನಲ್ಲಿದ್ದ ಬುಕಿಂಗ್ ತೋರಿಸಿದ.

“ನಿಮ್ದು ಮಧ್ಯಾಹ್ನದಿಂದ ಇರೋದು ಸಾರ್. ಈಗ್ಲೇ ಬೇಕು ಅಂದ್ರೆ ಎಂಟುನೂರು ಎಕ್ಸ್‌ಟ್ರಾ ಆಗುತ್ತೆ.”

“ರೂಮ್ ಖಾಲಿ ಐತಿಲ್ರೀ?”

“ಖಾಲಿ ಇದೆ ಸಾರ್.”

“ಮತ್ತ?”

“ರೂಲ್ಸ್ ಸಾರ್.”

ಕೌಂಟರಿನ ಹುಡುಗನ ಬೆನ್ನ ಹಿಂದಿನ ಹಲಗೆಯಲ್ಲಿ ಬೀಗದ ಕೈಗಳು ಸಾಲಾಗಿ ನೇತಾಡುತ್ತಿದ್ದವು. “ನಂದೇನೈತಿ, ಇಲ್ಲೇ ಕುಂದರ್ತೀನಿ ಬಿಡಪಾ” ಎಂದು ತಾಯಿ ಸೋಫಾದ ಮೇಲೆ ಕುಳಿತರು. ಅವರ ತಲೆಯ ಮೇಲೆಯೇ ಒಂದು ಬೋರ್ಡಿತ್ತು: ‘ಬಿಸಿನೀರು ಬೆಳಿಗ್ಗೆ 6ರಿಂದ 9ರವರೆಗೆ ಮಾತ್ರ’. ಅಂದರೆ ಬಿಸಿನೀರು ಬರುವ ಹೊತ್ತಿಗೆ ಅವರು ಗಿರಾಕಿಯಲ್ಲ. ಗಿರಾಕಿಯಾಗುವ ಹೊತ್ತಿಗೆ ಬಿಸಿನೀರಿಲ್ಲ.

ಇದು ಅನಾದಿ ಕಾಲದ ಪದ್ಧತಿಯೇನಲ್ಲ. ‘24 ಗಂಟೆ ಚೆಕ್ ಔಟ್’ ಎಂದು ಬರೆಸಿಕೊಂಡ ಹಳೆಯ ಲಾಡ್ಜುಗಳು ಯಾತ್ರಾಸ್ಥಳಗಳಲ್ಲಿ, ಬಸ್ ನಿಲ್ದಾಣಗಳ ಆಸುಪಾಸಿನಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಅಲ್ಲಿ ನೀವು ಬಂದ ಗಳಿಗೆಯಿಂದ ನಿಮ್ಮ ದಿನ ಶುರು. ರಿಜಿಸ್ಟರಿನಲ್ಲಿ ‘ಬಂದ ವೇಳೆ’ ಎಂಬ ಕಾಲಂ ಇರುತ್ತಿದ್ದದ್ದೇ ಬಾಡಿಗೆ ಲೆಕ್ಕ ಹಾಕಲು. ಕಾಲಂ ಈಗಲೂ ಇದೆ, ಅದರಲ್ಲಿ ಬರೆಸಿಕೊಳ್ಳುವುದೂ ಇದೆ. ಪೊಲೀಸರು ಕೇಳಿದಾಗ ತೋರಿಸಲು ಅದು ಬೇಕು, ಬಿಲ್ಲು ಮಾಡುವಾಗ ಬೇಡ.

ಲಾಡ್ಜಿನವರ ಮಾತನ್ನೂ ಕೇಳಬೇಕು. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಖಾಲಿ ಮಾಡಿದರೆ ಹಾಸಿಗೆ ಹೊದಿಕೆ ಬದಲಿಸಲು, ಕಕ್ಕಸು ತೊಳೆಯಲು ದಿನವಿಡೀ ಆಳುಗಳನ್ನು ಇಟ್ಟುಕೊಳ್ಳಬೇಕು; ಈಗ ಆ ಕೆಲಸಕ್ಕೆ ಜನ ಸಿಗುವುದೇ ಕಷ್ಟ. ಹನ್ನೊಂದರಿಂದ ಒಂದರೊಳಗೆ ಎಲ್ಲವನ್ನೂ ಮುಗಿಸಿದರೆ ನಾಲ್ಕು ಜನರಲ್ಲಿ ಸುಧಾರಿಸಬಹುದು. ಇದು ನಿಜವಾದ ತೊಂದರೆ, ಒಪ್ಪೋಣ. ಆದರೆ ಬೆಳಿಗ್ಗೆ ಆರಕ್ಕೆ ಗುಡಿಸಿ ಒರೆಸಿ ಬೀಗ ಹಾಕಿಟ್ಟಿರುವ ರೂಮಿಗೂ ಈ ವಾದಕ್ಕೂ ಏನು ಸಂಬಂಧ? ಆ ಎಂಟುನೂರು ರೂಪಾಯಿ ಯಾವ ಖರ್ಚಿಗೆ?

ಉತ್ತರ ಮೊಬೈಲಿನೊಳಗಿದೆ ಎಂಬುದು ನನ್ನ ಅನುಮಾನ. ಆ್ಯಪ್‌ಗಳು ರೂಮನ್ನು ರಾತ್ರಿ ಲೆಕ್ಕದಲ್ಲಿ ಮಾರುತ್ತವೆ, ಪ್ರತಿ ಬುಕಿಂಗಿಗೂ ಕಮಿಷನ್ ಮುರಿದುಕೊಳ್ಳುತ್ತವೆ, ರಿಯಾಯಿತಿಯ ಹೊರೆಯನ್ನೂ ಬಹುಮಟ್ಟಿಗೆ ಮಾಲೀಕನ ಹೆಗಲಿಗೇ ಹೊರಿಸುತ್ತವೆ. ಆ್ಯಪ್‌ನಲ್ಲಿರುವುದಕ್ಕಿಂತ ಕಡಿಮೆ ಬೆಲೆಗೆ ಬೇರೆಡೆ ರೂಮು ಕೊಡಬಾರದೆಂದು ಹೋಟೆಲುಗಳನ್ನು ಕಟ್ಟಿಹಾಕಿದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ ರೂಪಾಯಿ ದಂಡ ಹಾಕಿತು. ಅದೇ ಆದೇಶದಲ್ಲಿ ಓಯೋಗೆ 168.88 ಕೋಟಿ. ಮೊಬೈಲಿನಲ್ಲಿ ಬೆಲೆ ಇಳಿಸಲೇಬೇಕಾದ ಮಾಲೀಕ ಅದನ್ನು ಎಲ್ಲಿ ತುಂಬಿಕೊಳ್ಳಬೇಕು? ಕೌಂಟರಿನಲ್ಲಿ. ಅಲ್ಲಿ ನಗದು ಕೊಟ್ಟು ಮುಗಿಸುವ ಅರ್ಲಿ ಚೆಕ್ ಇನ್, ಲೇಟ್ ಚೆಕ್ ಔಟ್, ಎಕ್ಸ್‌ಟ್ರಾ ಬೆಡ್ಡಿನ ಹಣ ಆ್ಯಪ್‌ನವರ ಕಣ್ಣಿಗೆ ಬೀಳುವುದಿಲ್ಲ.

ಹೀಗೆ ಬೆಲೆಯನ್ನು ಮೊದಲು ಅರ್ಧ ತೋರಿಸಿ ಆಮೇಲೆ ಹನಿಹನಿಯಾಗಿ ಏರಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ‘ಡ್ರಿಪ್ ಪ್ರೈಸಿಂಗ್’ ಎಂದು ಹೆಸರಿಸಿ, 13 ಬಗೆಯ ಆನ್‌ಲೈನ್ ಮೋಸಗಳ ಪಟ್ಟಿಗೆ ಸೇರಿಸಿದೆ. ಪಟ್ಟಿಯಲ್ಲಿ ‘ಇನ್ನೊಂದೇ ರೂಮ್ ಉಳಿದಿದೆ’ ಎಂದು ಸುಳ್ಳು ಅವಸರ ಹುಟ್ಟಿಸುವುದೂ ಇದೆ. ಆದರೆ ಅರ್ಲಿ ಚೆಕ್ ಇನ್ ಈ ಬಲೆಗೆ ಸುಲಭವಾಗಿ ಬೀಳುವುದಿಲ್ಲ. ಬುಕಿಂಗ್ ಪುಟದ ತಳದಲ್ಲಿ, ಇರುವೆಯ ಗಾತ್ರದ ಅಕ್ಷರದಲ್ಲಿ ‘ಚೆಕ್ ಇನ್ 12 ಗಂಟೆ’ ಎಂದು ಹಾಕಿದ್ದರೆ ಅವರ ಕೈ ಶುದ್ಧ.

ನೀರಿನ ಬಾಟಲಿಯದು ಇನ್ನೊಂದು ಕತೆ. ಎಂಆರ್‌ಪಿಗಿಂತ ಹೆಚ್ಚಿಗೆ ತೆಗೆದುಕೊಳ್ಳುವುದು ಕಾನೂನುಬಾಹಿರವೆಂದೇ ಹೆಚ್ಚಿನವರು ನಂಬಿದ್ದಾರೆ. ಅಂಗಡಿಯಲ್ಲಿ ಹೌದು. ಹೋಟೆಲು, ರೆಸ್ಟೋರೆಂಟುಗಳ ವಿಷಯದಲ್ಲಿ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬೇರೆಯೇ ಹೇಳಿತು: ಅಲ್ಲಿ ಮಾರಾಟವಾಗುವುದು ಬರೀ ನೀರಲ್ಲ, ಸೇವೆಯೂ ವಾತಾವರಣವೂ ಜೊತೆಗಿರುತ್ತದೆ. ಪಂಚತಾರಾ ಹೋಟೆಲಿಗೆ ಸರಿ. ಟ್ಯೂಬ್‌ಲೈಟು ಮಿಣುಕುವ, ಫ್ಯಾನು ಕಿರುಗುಟ್ಟುವ ಎರಡನೇ ಮಹಡಿಯ ರೂಮಿಗೆ ರೂಮ್ ಬಾಯ್ ತಂದಿಟ್ಟ ಬಾಟಲಿಯ ಜೊತೆ ಯಾವ ವಾತಾವರಣ ಬಂತೋ ಕಾಣೆ.

ಆಧಾರ್ ಜೆರಾಕ್ಸಿನ ಗೊಂದಲವಂತೂ ಬಗೆಹರಿದೇ ಇಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಪ್ರಕಟಣೆ ಹೊರಡಿಸಿ, ಪರವಾನಗಿಯಿಲ್ಲದ ಹೋಟೆಲು, ಚಿತ್ರಮಂದಿರದಂಥ ಖಾಸಗಿಯವರು ಆಧಾರ್ ಪ್ರತಿ ಸಂಗ್ರಹಿಸುವಂತಿಲ್ಲ ಎಂದಿತು. ಎರಡೇ ದಿನಕ್ಕೆ, ಜನ ತಪ್ಪು ತಿಳಿಯಬಹುದೆಂದು, ಅದನ್ನು ಹಿಂತೆಗೆದುಕೊಳ್ಳಲಾಯಿತು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್’ ಆಧಾರ್ ಸೌಲಭ್ಯವಿದೆ. ಅದನ್ನು ತೋರಿಸಿ ನೋಡಿ, ರಿಸೆಪ್ಷನ್ನಿನವರು ನಿಮ್ಮನ್ನೇ ಅನುಮಾನದಿಂದ ನೋಡುತ್ತಾರೆ.

ಆದರೆ ಇವೆಲ್ಲಕ್ಕಿಂತ ಜನರ ಜೇಬಿಗೆ ಬೀಳುವ ದೊಡ್ಡ ಕತ್ತರಿ ಗಂಟೆಯ ಲೆಕ್ಕದ್ದೇ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಎರಡು ಸಾವಿರದ ರೂಮಿಗೆ 140 ರೂಪಾಯಿ ಉಳಿತಾಯ. ಸರ್ಕಾರ ಕೊಟ್ಟ ಈ ನೂರನಲವತ್ತು, ಬೆಳಗಿನ ಎಂಟುನೂರರಲ್ಲಿ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಗಂಟೆ ಲೆಕ್ಕ ಆಗದ ಕೆಲಸವೇನಲ್ಲ. ರೈಲ್ವೆಯವರು ತಮ್ಮ ವಿಶ್ರಾಂತಿ ಕೊಠಡಿಗಳನ್ನು 12 ಗಂಟೆ, 24 ಗಂಟೆಯ ಲೆಕ್ಕದಲ್ಲಿ ಆನ್‌ಲೈನ್‌ನಲ್ಲೇ ಕೊಡುತ್ತಿದ್ದಾರೆ. ಕೆಲವು ಆ್ಯಪ್‌ಗಳೂ ಗಂಟೆಗಳ ಲೆಕ್ಕದಲ್ಲಿ ರೂಮು ಮಾರುತ್ತಿವೆ. ಆದರೆ ಗಂಟೆ ಲೆಕ್ಕದ ರೂಮು ಎಂದೊಡನೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ. ‘ಮರ್ಯಾದಸ್ಥರ ಲಾಡ್ಜು’ ಎನಿಸಿಕೊಳ್ಳಬೇಕೆಂಬ ಮಾಲೀಕರು ಆ ಗೊಡವೆಯೇ ಬೇಡವೆನ್ನುತ್ತಾರೆ. ಆ ಮರ್ಯಾದೆಯ ಖರ್ಚು ಕಟ್ಟುವವರು ಮಂಡಿನೋವಿಗೆ ಡಾಕ್ಟರನ್ನು ಕಾಣಲು ಬಂದ ತಾಯಂದಿರು.

2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಸಿಂಧನೂರಿನವರು ದೂರು ಕೊಡಲು ಬೆಂಗಳೂರಿಗೆ ಬರಬೇಕಿಲ್ಲ, ರಾಯಚೂರಿನ ಜಿಲ್ಲಾ ಆಯೋಗ ಸಾಕು. ಎಂಟುನೂರು ರೂಪಾಯಿಗೆ ಯಾರು ಅಲೆಯುತ್ತಾರೆ ಎಂಬುದು ಬೇರೆ ಮಾತು. ಅದಕ್ಕಿಂತ ಸುಲಭವಾದದ್ದೊಂದಿದೆ: ಬಸ್ಸು ಹತ್ತುವ ಮೊದಲು ಲಾಡ್ಜಿಗೇ ಫೋನ್ ಮಾಡುವುದು. ಬೆಳಿಗ್ಗೆ ಆರಕ್ಕೆ ಬರುತ್ತೇವೆ, ರಾತ್ರಿ ಹೊರಡುತ್ತೇವೆ, ಎಷ್ಟು ಎಂದು ಕೇಳಿ. ಕಮಿಷನ್ ಉಳಿಯುವ ಆಸೆಗೆ ಕೆಲವರಾದರೂ ಒಂದೇ ದಿನದ ಬಾಡಿಗೆಗೆ ಒಪ್ಪಿಯಾರು. ಒಪ್ಪಿದರೆ ಬಾಯಿಮಾತಿಗೆ ಬಿಡಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಹಾಕಿಸಿಕೊಳ್ಳಿ; ಫೋನ್ ಎತ್ತಿದ ಮ್ಯಾನೇಜರು ಬೆಳಿಗ್ಗೆ ಡ್ಯೂಟಿಯಲ್ಲಿ ಇರುವುದಿಲ್ಲ.