ಬಂದೂಕು ತರಬೇತಿಗೆ ಹೋಗ್ತೀರಾ? ಮೊದಲು ಇಷ್ಟು ತಯಾರಿ ಆಗಲಿ

2025ರ ಜನವರಿ 16ರಂದು ಬೀದರ್ ನಗರದ ನಟ್ಟನಡುವೆ, ಬ್ಯಾಂಕಿನ ಎದುರಿಗೇ, ಎಟಿಎಂಗೆ ಹಣ ಒಯ್ಯುವ ಸಿಬ್ಬಂದಿ ಮೇಲೆ ಬೈಕಿನಲ್ಲಿ ಬಂದ ದರೋಡೆಕೋರರು ಹಾಡಹಗಲೇ ಗುಂಡು ಹಾರಿಸಿದರು. ಹೊಟ್ಟೆಪಾಡಿಗೆ ದುಡಿಯುತ್ತಿದ್ದ ಮನುಷ್ಯನೊಬ್ಬ ಪ್ರಾಣ ಕಳೆದುಕೊಂಡ. ಅಲ್ಲಿಂದೀಚೆಗೆ ಹಾಸ್ಟೆಲ್ಲಿನಲ್ಲಿ, ಕ್ಯಾಂಟೀನಿನಲ್ಲಿ ಒಂದು ಮಾತು ಆಗಾಗ ಕೇಳಿಬರ್ತದ: "ನಾವೂ ಗನ್ ಹೊಡಿಯೋದು ಕಲೀಬೇಕಲೇ, ನಾಲ್ಕು ದಿನದ ಕ್ಲಾಸ್ ಸಿಕ್ಕರೆ ಸಾಕು."

ಕಲಿಯುವುದು ತಪ್ಪು ಅಂತ ನಾವು ಹೇಳೋದಿಲ್ಲ. ಆದರೆ ನಾಲ್ಕು ದಿನ ಇರಲಿ, ಹತ್ತು ದಿನ ಇರಲಿ, ಆ ತರಬೇತಿಯಿಂದ ಏನು ಸಿಗ್ತದ, ಏನು ಸಿಗೋದಿಲ್ಲ, ಅದಕ್ಕ ತಯಾರಾಗಿ ಹೋಗುವುದು ಅಂದ್ರ ಏನು ಎನ್ನುವುದನ್ನ ಯಾರೂ ಕೂತು ಮಾತಾಡ್ತಿಲ್ಲ. ಈ ಲೇಖನ ಅದಕ್ಕಾಗಿ.

ನಮ್ಮಂಥ ವಿದ್ಯಾರ್ಥಿಗಳಿಗೆ ಕಾನೂನಿನ ದಾರಿಗಳು ಮುಖ್ಯವಾಗಿ ಮೂರು. ಒಂದು ಎನ್‌ಸಿಸಿ. 1948ರಲ್ಲಿ ಶುರುವಾದ ಈ ಸಂಸ್ಥೆಯ ವಾರ್ಷಿಕ ಶಿಬಿರ ಹತ್ತು ದಿನದ್ದು, ಅದರಲ್ಲಿ .22 ರೈಫಲ್ ಫೈರಿಂಗ್ ಇರುತ್ತದೆ. ಎರಡು, ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರ. ಮೂರು, ಕ್ರೀಡೆಯಾಗಿ ಏರ್ ಪಿಸ್ತೂಲ್, ಏರ್ ರೈಫಲ್. ಕೈಯಲ್ಲಿ ಪಿಸ್ತೂಲೇ ಹಿಡೀಬೇಕು ಅನ್ನುವವರಿಗೆ ಈ ಮೂರನೆಯದೇ ಹತ್ತಿರದ ದಾರಿ. ಮೊದಲ ಎರಡರಲ್ಲಿ ಸಿಗುವುದು ಹೆಚ್ಚಾಗಿ ರೈಫಲ್. ಸಿನಿಮಾ ನೋಡಿ ಹೋದವರಿಗೆ ಮೊದಲ ನಿರಾಸೆ ಇಲ್ಲೇ ಆಗ್ತದ. ಆ ನಿರಾಸೆ ಮನೆಯಲ್ಲೇ ಮುಗಿಸಿಕೊಂಡು ಹೋಗುವುದು ಒಳ್ಳೇದು.

ಕಾನೂನಿನ ವಿಷಯವನ್ನೂ ಮೊದಲೇ ಸ್ಪಷ್ಟ ಮಾಡಿಕೊಳ್ಳೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 21 ವರ್ಷ ತುಂಬದವರಿಗೆ ಬಂದೂಕಿನ ಪರವಾನಗಿ ಇಲ್ಲ. 2016ರ ನಿಯಮಗಳು ಪರವಾನಗಿ ಕೇಳುವವರು ಸುರಕ್ಷಿತ ಬಳಕೆಯ ತರಬೇತಿ ಪಡೆದಿರಬೇಕು ಅಂತ ಹೇಳ್ತಾವ. ಹಂಗಂತ ತರಬೇತಿಯ ಸರ್ಟಿಫಿಕೇಟ್ ಕೈಗೆ ಬಂದಾಕ್ಷಣ ಪರವಾನಗಿ ಬಂತು ಅಂತಲ್ಲ. ಎರಡೂ ಬೇರೆ ಬೇರೆ. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ, ಮೆರವಣಿಗೆಯ ಖುಷಿಗೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಶಿಬಿರಕ್ಕೆ ಹೆಸರು ಕೊಡುವವರೆಲ್ಲ ಇಷ್ಟನ್ನಾದರೂ ಓದಿಕೊಂಡಿರಬೇಕು.

ಇನ್ನು ನಮ್ಮ ಮುಖ್ಯ ಮಾತು. ಶಿಬಿರದಲ್ಲಿ ಒಬ್ಬೊಬ್ಬರಿಗೆ ಸಿಗುವ ಗುಂಡು ಬಹಳ ಕಡಿಮೆ. ಅವು ಮುಗಿಯೋದಕ್ಕ ಐದು ನಿಮಿಷವೂ ಬೇಡ. ಹೀಗಾಗಿ ಕಲಿಕೆಯ ಬಹುಪಾಲು ಗುಂಡಿಲ್ಲದೇ ನಡೆಯಬೇಕು, ಅದರಲ್ಲಿ ಅರ್ಧ ಶಿಬಿರಕ್ಕೆ ಹೋಗುವ ಮೊದಲೇ ನಡೆಯಬೇಕು. ಹಿಂದಿನ ರಾತ್ರಿ ಬ್ಯಾಗ್ ತುಂಬಿದರೆ ತಯಾರಿ ಆಯ್ತು ಅಂತ ತಿಳಿದರೆ, ಉಸಿರು ಹಿಡಿಯೋದು ಕಲಿಯುವಷ್ಟರಲ್ಲಿ ಸರದಿ ಮುಗಿದಿರ್ತದ.

ಮೂರು ವಾರ ಮೊದಲೇ ಶುರು ಮಾಡ್ರಿ. ಸ್ಪರ್ಧೆಯ ಏರ್ ಪಿಸ್ತೂಲು ಸುಮಾರು ಒಂದು ಕಿಲೋ ತೂಗ್ತದ. ಒಂದು ಲೀಟರ್ ನೀರಿನ ಬಾಟಲಿಯೂ ಅಷ್ಟೇ. ದಿನಾ ಬೆಳಿಗ್ಗೆ, ಸಂಜೆ ಅದನ್ನ ಒಂದೇ ಕೈಯಲ್ಲಿ ಭುಜದ ಮಟ್ಟಕ್ಕೆ ಎತ್ತಿ ಇಪ್ಪತ್ತು ಸೆಕೆಂಡ್ ಹಿಡೀರಿ, ಇಳಿಸ್ರಿ, ಮತ್ತೆ ಎತ್ರಿ. ಮೂರನೇ ದಿನಕ್ಕೆ ಭುಜ ನೋಯ್ತದ, ಎರಡನೇ ವಾರಕ್ಕೆ ನಡುಕ ಕಡಿಮೆ ಆಗ್ತದ. ರೈಫಲ್ ಇದ್ದರೆ ಮಲಗಿ ಮೊಣಕೈ ಊರುವ ಭಂಗಿ ರೂಢಿ ಮಾಡಿಕೊಳ್ರಿ. ನಿಮ್ಮ ಯಾವ ಕಣ್ಣು ಮುಖ್ಯ ಕಣ್ಣು ಅಂತ ನೋಡಿಕೊಳ್ರಿ: ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಬಿಟ್ಟು ದೂರದ ಒಂದು ವಸ್ತುವನ್ನು ಎರಡೂ ಕಣ್ಣಿನಿಂದ ನೋಡಿ, ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಾಗ ವಸ್ತು ಅಲ್ಲೇ ಇರ್ತದೋ ಅದು ಮುಖ್ಯ ಕಣ್ಣು. ಕನ್ನಡಕದ ನಂಬರ್ ಪರೀಕ್ಷೆ ಮಾಡಿಸಿ ವರ್ಷ ಆಗಿದ್ದರೆ ಮತ್ತೆ ಮಾಡಿಸ್ರಿ. ಕಿವಿ ಮುಚ್ಚುವ ಸಾಧನ ಕೇಳಿ ಪಡೀರಿ. .22 ರೈಫಲಿನ ಸದ್ದೂ 140 ಡೆಸಿಬೆಲ್ ಹತ್ತಿರ ಹೋಗ್ತದ, ಕಿವಿಗೆ ಅದು ಸಣ್ಣ ಪೆಟ್ಟಲ್ಲ. ಗುಂಡಿನಲ್ಲಿ ಸೀಸ ಇರ್ತದ, ಆದ್ದರಿಂದ ರೇಂಜಿನಿಂದ ಬಂದ ಮೇಲೆ ಸೋಪು ಹಚ್ಚಿ ಕೈ ತೊಳೀದೇ ರೊಟ್ಟಿ ಮುಟ್ಟಬ್ಯಾಡ್ರಿ. ಹಿಂದಿನ ರಾತ್ರಿ ಎರಡು ಗಂಟೆತನಕ ಮೊಬೈಲ್ ನೋಡಿ, ಬೆಳಿಗ್ಗೆ ಮೂರು ಕಪ್ ಚಹಾ ಕುಡಿದು ಹೋದವರ ಕೈ ನಡುಗದೇ ಏನಾಗ್ತದ?

ಎಂಜಿನಿಯರಿಂಗ್ ಓದುವವರಿಗೆ ಒಂದು ಲೆಕ್ಕ. ಏರ್ ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 30 ಸೆಂಟಿಮೀಟರ್ ಇದೆ ಅಂತ ಇಟ್ಟುಕೊಳ್ಳೋಣ. ಗುರಿ ಇರುವುದು 10 ಮೀಟರ್ ದೂರದಲ್ಲಿ. ಇಡೀ ಕೈ ಸಮಾನಾಂತರವಾಗಿ 5 ಮಿಲಿಮೀಟರ್ ಸರಿದರೆ ಗುಂಡೂ 5 ಮಿಲಿಮೀಟರ್ ಮಾತ್ರ ಸರೀತದ. ಆದರೆ ಮುಂದಿನ ಸೈಟ್ ಹಿಂದಿನದರ ನೇರದಿಂದ ಬರೀ 1 ಮಿಲಿಮೀಟರ್ ಓರೆಯಾದರೆ, ಸಮರೂಪ ತ್ರಿಭುಜದ ಲೆಕ್ಕದಲ್ಲಿ ಗುರಿಯ ಮೇಲೆ ಅದು ಸುಮಾರು 33 ಮಿಲಿಮೀಟರ್. ಹತ್ತು ಅಂಕದ ವೃತ್ತದ ವ್ಯಾಸ ಇರುವುದು 11.5 ಮಿಲಿಮೀಟರ್, ಆಮೇಲಿನ ಪ್ರತಿ ವೃತ್ತಕ್ಕೆ 8 ಮಿಲಿಮೀಟರ್ ದೂರ. ಅಂದ್ರ ಹತ್ತು ಬರಬೇಕಾದಲ್ಲಿ ಆರು. ಕಣ್ಣು ಗುರಿಯ ಮೇಲಲ್ಲ, ಮುಂದಿನ ಸೈಟಿನ ಮೇಲೆ ಇರಲಿ ಅಂತ ಕೋಚ್‌ಗಳು ಬಾಯಿ ನೋಯುವಷ್ಟು ಸಲ ಹೇಳುವುದು ಇದಕ್ಕೇ. ಟ್ರಿಗರನ್ನ ಎಳೆಯಬೇಡ, ಒತ್ತು ಅನ್ನುವುದಕ್ಕೂ ಕಾರಣ ಇದೇ. ಎಳೆದಾಗ ಓರೆಯಾಗುವುದು ಆ ಒಂದು ಮಿಲಿಮೀಟರೇ.

ಈ ತಾಳ್ಮೆಗೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು, 2016ರ ರಿಯೋ ಒಲಿಂಪಿಕ್ಸಿಗೂ ಹೋದರು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಗೆದ್ದ ಎರಡು ಕಂಚೂ ಏರ್ ಪಿಸ್ತೂಲಿನವೇ. ಅದೇ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಪಕ್ಕದ ಕೊಲ್ಹಾಪುರ ಜಿಲ್ಲೆಯವರು.

ಸುರಕ್ಷತೆಯ ನಿಯಮಗಳು ನಾಲ್ಕೇ. ಅಮೆರಿಕದ ಅರಿಜೋನಾದಲ್ಲಿ 1976ರಲ್ಲಿ ಪಿಸ್ತೂಲ್ ಶಾಲೆ ತೆರೆದ ಜೆಫ್ ಕೂಪರ್ ಇವನ್ನು ಜನಪ್ರಿಯ ಮಾಡಿದರು. ಹಲವು ದಿನಗಳ ಪಿಸ್ತೂಲ್ ತರಬೇತಿ ಎನ್ನುವ ಪದ್ಧತಿ ಬೆಳೆದದ್ದೂ ಇಂಥ ಶಾಲೆಗಳಿಂದಲೇ. ನಮ್ಮ ಮಾತಿನಲ್ಲಿ ಹೇಳೋದಾದ್ರ: ಎಲ್ಲ ಬಂದೂಕಿನಲ್ಲೂ ಗುಂಡು ಇದೆ ಅಂತಲೇ ತಿಳಿ. ಹೊಡೆಯಬಾರದ್ದರ ಕಡೆ ನಳಿಗೆ ತಿರುಗಿಸಬ್ಯಾಡ. ಗುರಿ ಕಣ್ಣಿಗೆ ಕೂಡುವತನಕ ಬೆರಳು ಟ್ರಿಗರಿನ ಹೊರಗಿರಲಿ. ಗುರಿ ಏನು, ಅದರ ಹಿಂದೆ ಏನದ ಅಂತ ನೋಡಿಕೊ. ಇವನ್ನು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುವಂತಿರಬೇಕು, ಅದೂ ಅವರವರ ಭಾಷೆಯಲ್ಲಿ. ಶಿಬಿರದ ಆಜ್ಞೆಗಳು ಹೆಚ್ಚಾಗಿ ಹಿಂದಿ, ಇಂಗ್ಲಿಷಿನಲ್ಲಿ ಇರ್ತಾವ. ಬೀದರಿನವರಿಗೆ ಹಿಂದಿ ಏನು ಹೊಸದಲ್ಲ ಅಂತ ನೀವು ಅನ್ನಬಹುದು. ಬಜಾರಿನ ಹಿಂದಿ ಬೇರೆ, ಗುಂಡು ತುಂಬಿದ ರೈಫಲ್ ಕೈಯಲ್ಲಿದ್ದಾಗ ಒಂದೇ ಸಲ ಕೂಗುವ ಆಜ್ಞೆ ಬೇರೆ. ಪಕ್ಕದವಳು ಏನು ಮಾಡಿದಳು ಅಂತ ನೋಡಿ ಅನುಸರಿಸುವ ಜಾಗ ಅದಲ್ಲ. ಪ್ರತಿ ಆಜ್ಞೆಯ ಅರ್ಥ ಕನ್ನಡದಲ್ಲಿ, ಬೇಕಾದವರಿಗೆ ಮರಾಠಿಯಲ್ಲಿ, ಉರ್ದುವಿನಲ್ಲಿ ಒಂದು ಹಾಳೆಯಲ್ಲಿ ಬರೆದು ವಾರ ಮೊದಲೇ ಕೊಟ್ಟರೆ ಯಾರಿಗೂ ಖರ್ಚಿಲ್ಲ. ಈ ಕೆಲಸಕ್ಕೆ ನಮ್ಮ ಸಂಘ ಸಿದ್ಧ ಇದೆ.

ಇನ್ನು ಯಾರು ಹೋಗೋದಕ್ಕ ಆಗ್ತದ ಅನ್ನುವ ಪ್ರಶ್ನೆ. ಭಾಲ್ಕಿಯಿಂದ, ಔರಾದಿನಿಂದ ಬೀದರಿಗೆ ಸುಮಾರು 40 ಕಿಲೋಮೀಟರ್. ಭಾಲ್ಕಿಗೆ ರೈಲಾದರೂ ಅದ, ಔರಾದಿಗೆ ಅದೂ ಇಲ್ಲ. ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಇರಬೇಕಾದ ದಿನ ಔರಾದ್ ತಾಲ್ಲೂಕಿನ ಹಳ್ಳಿಯ ಹುಡುಗಿ ಎಷ್ಟಕ್ಕೆ ಏಳಬೇಕು, ಯಾವ ಬಸ್ಸಿಗೆ ಬರಬೇಕು? ಮನೆಯವರು ಬ್ಯಾಡ ಅನ್ನುವುದು ಬಂದೂಕಿಗೆ ಹೆದರಿ ಅಲ್ಲ, ಕತ್ತಲ ದಾರಿಗೆ ಹೆದರಿ. ವಿಟಿಯು ನಿಯಮದ 85 ಪ್ರತಿಶತ ಹಾಜರಾತಿಯ ಭಯ ಬೇರೆ. ಹತ್ತು ದಿನ ಶಿಬಿರಕ್ಕೆ ಹೋಗಿ ಬಂದು, ಆಮೇಲೆ ತಿಂಗಳುಗಟ್ಟಲೆ ವಿಭಾಗದಿಂದ ವಿಭಾಗಕ್ಕೆ ಪತ್ರ ಹಿಡಿದು ತಿರುಗಿದ ಗೆಳೆಯರು ನಮ್ಮ ನಡುವೆ ಇದ್ದಾರ. ಆದ್ದರಿಂದ ಬೀದರ್ ಜಿಲ್ಲೆಯ ಎಲ್ಲ ಕಾಲೇಜುಗಳಲ್ಲಿ ನಮ್ಮ ಬೇಡಿಕೆ ಮೂರು: ದಿನಾ ಹೋಗಿ ಬರುವ ತರಬೇತಿ ಇದ್ದಾಗ ಹೊರ ತಾಲ್ಲೂಕಿನವರಿಗೆ ಆ ದಿನಗಳ ಮಟ್ಟಿಗೆ ಹಾಸ್ಟೆಲ್ಲಿನಲ್ಲಿ ಜಾಗ, ಶಿಬಿರಕ್ಕೆ ಹೊರಡುವ ಮೊದಲೇ ಹಾಜರಾತಿಯ ಲಿಖಿತ ಆದೇಶ, ಮತ್ತು ಹೋಗುವವರಿಗೆಲ್ಲ ಒಂದು ಕಣ್ಣಿನ ಪರೀಕ್ಷೆ. ಇದು ಇಲ್ಲದಿದ್ದರೆ ತಯಾರಿಯ ಮಾತು ನಗರದೊಳಗೆ ಮನೆ ಇದ್ದವರಿಗಷ್ಟೇ ಉಳೀತದ.

ಕಡೆಗೆ, ಆ ಜನವರಿ 16ರ ಮಾತಿಗೆ ಬರೋಣ. ಹತ್ತು ದಿನದ ತರಬೇತಿ ಪಡೆದವ ಅಲ್ಲಿ ಇದ್ದಿದ್ದರೆ ಏನು ಮಾಡಬಹುದಿತ್ತು? ಜನಜಂಗುಳಿಯ ರಸ್ತೆ, ಎದುರಿಗೆ ಓಡುವ ಗುರಿ, ಹಿಂದೆ ಅಂಗಡಿ, ಆಟೋ, ಮಕ್ಕಳು. ನಾಲ್ಕನೇ ನಿಯಮವೇ ಅವನ ಕೈ ಹಿಡಿದು ನಿಲ್ಲಿಸಬೇಕು. ಶಿಬಿರ ಕಲಿಸುವುದು ಮುಖ್ಯವಾಗಿ ಇದನ್ನೇ: ಯಾವಾಗ ಹೊಡೆಯಬಾರದು ಅನ್ನುವುದನ್ನ. ಬಂದೂಕಿಗೆ ಪರವಾನಗಿಯ ವಿನಾಯಿತಿ ಇರುವ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತಾರ. ಬೇಟೆ, ಯುದ್ಧ ನೋಡಿದ ಜನ ಆಯುಧಕ್ಕೆ ಮರ್ಯಾದೆ ಕೊಡುವ ಬಗೆ ಅದು. ಮೊಬೈಲಿಗೆ ಪೋಸ್ ಕೊಡಲು ಗನ್ ಹಿಡಿಯುವ ನಮ್ಮ ಓರಗೆಯವರು ಅವರಿಂದ ಕಲಿಯುವುದು ಬಹಳ ಇದೆ.

ಹೋಗ್ರಿ, ಕಲೀರಿ. ಕೈ ಗಟ್ಟಿ ಮಾಡಿಕೊಂಡು, ನಾಲ್ಕು ನಿಯಮ ಬಾಯಿಪಾಠ ಮಾಡಿಕೊಂಡು, ನಿಮ್ಮ ಹಳ್ಳಿಯ ಇನ್ನೊಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗ್ರಿ. ಆಜ್ಞೆಗಳ ಕನ್ನಡ ಹಾಳೆ ತಯಾರಿಸಲು ಕೈ ಜೋಡಿಸುವವರು ಈ ವಾರವೇ ಸಂಘದ ಗೆಳೆಯರಿಗೆ ಹೆಸರು ಕೊಡ್ರಿ.