ಗಾಳಿ ಸೋಸುವ ಹರಳಿಗೆ ಕಲ್ಮಶದ ಪರೀಕ್ಷೆ ಕಡ್ಡಾಯವೇ?

ವ್ಯೋಮನೌಕೆಯಲ್ಲಿ ಒಬ್ಬ ಗಗನಯಾತ್ರಿ ದಿನಕ್ಕೆ ಸುಮಾರು 1 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಅದನ್ನು ಹೀರುವ ಸಾಮಗ್ರಿಯನ್ನು ಕ್ಯಾಬಿನ್ನಿನ ಸೂಕ್ಷ್ಮ ಕಲ್ಮಶಗಳು ಹೇಗೆ ಕೆಡಿಸುತ್ತವೆಂದು ಹಾರಾಟಕ್ಕೆ ಮೊದಲೇ ದೀರ್ಘಕಾಲ ಪರೀಕ್ಷಿಸುವುದು ಕಡ್ಡಾಯವಾಗಬೇಕೇ?

ಪರ

ಆಗಲೇಬೇಕು. ಶುದ್ಧ ಗಾಳಿಗೆ ಇಂಗಾಲದ ಡೈಆಕ್ಸೈಡ್ ಬೆರೆಸಿ ಹಾಯಿಸಿದರೆ ಸೂಕ್ಷ್ಮ ರಂಧ್ರಗಳ ಜಿಯೋಲೈಟ್ ಹರಳು ಸುಲಭವಾಗಿ ಪಾಸಾಗುತ್ತದೆ. ಆದರೆ ಕ್ಯಾಬಿನ್ನಿನ ಗಾಳಿಯಲ್ಲಿ ಮೈಯಿಂದ ಹೊರಬರುವ ಅಮೋನಿಯಾ, ಒರೆಸುವ ಬಟ್ಟೆಯ ಆಲ್ಕೋಹಾಲ್, ಡಿಯೋಡರಂಟು-ಸೀಲಂಟುಗಳ ಸಿಲಾಕ್ಸೇನ್ ಎಲ್ಲ ಸೇರಿರುತ್ತವೆ. ಕಿಟಕಿ ತೆರೆದು ಗಾಳಿಯಾಡಿಸೋಣವೆಂದರೆ ಆಚೆ ಗಾಳಿಯೇ ಇಲ್ಲ!

ಜಿಯೋಲೈಟಿನ ರಂಧ್ರಗಳಲ್ಲಿ ಜಾಗಕ್ಕಾಗಿ ಪೈಪೋಟಿ ನಡೆಯುತ್ತದೆ. ನೀರಾವಿಯೊಂದೇ ಸಾಕು, ಇಂಗಾಲದ ಡೈಆಕ್ಸೈಡನ್ನು ಆಚೆ ತಳ್ಳಲು. ಹೀಗಾಗಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಾಳಿಯನ್ನು ಮೊದಲು ಒಣಗಿಸುತ್ತಾರೆ. ಹೀರಿ ತುಂಬಿದ ಹರಳನ್ನು ಕಾಯಿಸಿ, ನಿರ್ವಾತಕ್ಕೆ ಒಡ್ಡಿ, ಮತ್ತೆ ಬಳಸುತ್ತಾರೆ. ಕಾಯಿಸಿದರೂ ಬಿಡದ ಅಣುವೊಂದು ಅಲ್ಲೇ ಕೂತರೆ? ಪ್ರತಿ ಸುತ್ತಿಗೂ ಹೀರುವ ಶಕ್ತಿ ಇಳಿಯುತ್ತದೆ.

ಪರೀಕ್ಷೆಯೇನೂ ದೊಡ್ಡ ಸಾಹಸವಲ್ಲ. ಸಣ್ಣ ಕೊಳವೆಗೆ ಹರಳು ತುಂಬಿ, ಒಂದು ತುದಿಯಿಂದ ಗಾಳಿ ಬಿಟ್ಟು, ಇನ್ನೊಂದು ತುದಿಯಲ್ಲಿ ಇಂಗಾಲದ ಡೈಆಕ್ಸೈಡ್ ಯಾವಾಗ ನುಸುಳುತ್ತದೆಂದು ಅಳೆಯಬೇಕು. ಆಮೇಲೆ ಅದೇ ಗಾಳಿಗೆ ಹತ್ತು ಲಕ್ಷಕ್ಕೆ ಒಂದೆರಡು ಭಾಗದಷ್ಟು ಕಲ್ಮಶ ಬೆರೆಸಿ ಮತ್ತೆ ಅಳೆದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ.

ಉಪೇಕ್ಷೆಯ ಬೆಲೆಯೂ ಗೊತ್ತಿದೆ. 2010ರಲ್ಲಿ ನಿಲ್ದಾಣದ ಶುದ್ಧೀಕರಿಸಿದ ನೀರಿನಲ್ಲಿ ಸಾವಯವ ಇಂಗಾಲ ಏರತೊಡಗಿತು. ಹುಡುಕಿದಾಗ ಸಿಕ್ಕಿದ್ದು ಡೈಮೀಥೈಲ್‌ಸಿಲೇನ್‌ಡಯಾಲ್. ಕ್ಯಾಬಿನ್ ಗಾಳಿಯ ಸಿಲಾಕ್ಸೇನ್‌ಗಳೇ ಅದರ ಮೂಲ. ಅಂದರೆ ಗಾಳಿಯ ಕಲ್ಮಶ ನೀರಿನ ಘಟಕದವರೆಗೂ ಕೈಚಾಚಿತ್ತು.

ವಿರೋಧ

ಪರೀಕ್ಷೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮ ತಕರಾರು ‘ಕಡ್ಡಾಯ’ದ ಬಗ್ಗೆ. ನೀವೇ ಕೊಟ್ಟ 2010ರ ಸಾಕ್ಷಿ ನಮ್ಮ ಕಡೆಯದು. ಆ ಅಣುವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಪಟ್ಟಿಯಲ್ಲೇ ಇಲ್ಲದ ಕಲ್ಮಶವನ್ನು ಕೊಳವೆಗೆ ಬಿಡುವುದು ಹೇಗೆ?

ವರ್ಷಗಳ ಪರಿಣಾಮವನ್ನು ವಾರಗಳಲ್ಲಿ ಕಾಣಲು ಕಲ್ಮಶದ ಪ್ರಮಾಣ ಹೆಚ್ಚಿಸುತ್ತಾರೆ. ಹೆಚ್ಚಿನ ಪ್ರಮಾಣದಲ್ಲಿ ಪೈಪೋಟಿಯ ಲೆಕ್ಕವೇ ಬದಲಾಗುತ್ತದೆ. ತಪ್ಪು ಭರವಸೆಯೋ ತಪ್ಪು ಭಯವೋ, ಎರಡೂ ದುಬಾರಿಯೇ. ಇನ್ನು ನಿಲ್ದಾಣದ ಗಾಳಿ ಸೋಸುವ ಯಂತ್ರವನ್ನು ನಿಜಕ್ಕೂ ಪೀಡಿಸಿದ್ದು ಪುಡಿಯಾದ ಜಿಯೋಲೈಟ್: ಅದರ ಧೂಳು ವಾಲ್ವ್‌ಗಳಲ್ಲಿ ಸಿಕ್ಕಿಕೊಂಡಿತು.

ಚಂದ್ರನಿಗೆ ಹೋದ ಅಪೊಲೊ ನೌಕೆಗಳು ಬಳಸಿ ಎಸೆಯುವ ಲೀಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳಲ್ಲೇ ಕೆಲಸ ಮುಗಿಸಿದವು. ಭಾರತದ ಗಗನಯಾನ ಯೋಜನೆಯ ಗುರಿ 400 ಕಿ.ಮೀ. ಎತ್ತರದಲ್ಲಿ ಮೂರು ದಿನ. ಅಷ್ಟು ಚಿಕ್ಕ ಯಾನಕ್ಕೂ ವರ್ಷಗಟ್ಟಲೆ ಪರೀಕ್ಷೆಯ ನಿಯಮ ಹೇರಬೇಡಿ. ಬಿಡಿಭಾಗ ಹೊತ್ತ ನೌಕೆ ತಲುಪಲಾಗದ ಮಂಗಳಯಾನಕ್ಕೆ ಬೇಕಾದರೆ ಕಡ್ಡಾಯ ಮಾಡಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ.